ಎತ್ತಿನ ಗಾಡಿ ಮುಂದೆ ಸಾಗುವುದು ಹೇಗೆ? ಚಲನೆಯ ಮೂರನೆಯ ನಿಯಮಕ್ಕೆ ಒಂದು ಬೋಧನಾಭ್ಯಾಸ ಪಾಠ

ತರಗತಿ: 9
ವಿಷಯ: ವಿಜ್ಞಾನ
ಘಟಕ: ಬಲ ಮತ್ತು ಚಲನೆಯ ನಿಯಮಗಳು
ಅವಧಿ: 45 ನಿಮಿಷ

ಪಾಠದ ಹಿನ್ನೆಲೆ

ನ್ಯೂಟನ್‌ನ ಮೂರನೆಯ ನಿಯಮವನ್ನು ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಾರೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ ಎಂದು ಬರೆದರೆ ಅಂಕವೂ ಸಿಗುತ್ತದೆ. ಆದರೆ ಯೋಚಿಸುವ ಮಗುವಿಗೆ ಅಲ್ಲಿಂದಲೇ ತೊಡಕು ಶುರು. "ಎತ್ತು ಗಾಡೀನ ಎಳೆದಷ್ಟೇ ಗಾಡೀನೂ ಎತ್ತನ್ನ ಹಿಂದಕ್ಕೆ ಎಳೆದ್ರೆ, ಗಾಡಿ ಮುಂದಕ್ಕೆ ಹೆಂಗೋಯ್ತದೆ ಸಾ?"

ಇದು ತರಲೆ ಪ್ರಶ್ನೆಯಲ್ಲ, ಇಡೀ ಘಟಕದ ತಿರುಳೇ ಇದರಲ್ಲಿದೆ. "ನಿಯಮ ಇರುವುದೇ ಹಾಗೆ, ಬರೆದುಕೋ" ಎಂದು ಪ್ರಶಿಕ್ಷಣಾರ್ಥಿ ಹೇಳಿದರೆ ಮಗು ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತದೆ: ಪುಸ್ತಕದ ನಿಯಮಕ್ಕೂ ಊರಿನ ಗಾಡಿಗೂ ಸಂಬಂಧವಿಲ್ಲ, ಇಲ್ಲವೇ ವಿಜ್ಞಾನ ತನ್ನ ತಲೆಗೆ ಹತ್ತುವುದಿಲ್ಲ. ಎರಡೂ ನಷ್ಟವೇ.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಕಬ್ಬು ತುಂಬಿದ ಗಾಡಿ ಈ ಭಾಗದ ಮಕ್ಕಳಿಗೆ ಹೊಸದಲ್ಲ. ಈಗ ಟ್ರ್ಯಾಕ್ಟರ್ ಹೆಚ್ಚಿದ್ದರೂ ನೊಗ, ಮೂಕಿ, ಟೈರ್ ಗಾಡಿಯ ಪರಿಚಯ ಮನೆಯವರಿಂದಾದರೂ ಇರುತ್ತದೆ. ಆದ್ದರಿಂದ ಈ ಪಾಠಕ್ಕೆ ಗಾಡಿಯನ್ನೇ ಆಧಾರವಾಗಿ ಇಟ್ಟುಕೊಳ್ಳಬಹುದು.

ಕಲಿಕಾ ಉದ್ದೇಶಗಳು

1. ಕ್ರಿಯೆ ಮತ್ತು ಪ್ರತಿಕ್ರಿಯೆ ಎರಡು ಬೇರೆ ಬೇರೆ ಕಾಯಗಳ ಮೇಲೆ ವರ್ತಿಸುತ್ತವೆ ಎಂದು ಗುರುತಿಸುವುದು.
2. ಒಂದು ಕಾಯದ ಚಲನೆಯನ್ನು ತಿಳಿಯಲು ಆ ಕಾಯದ ಮೇಲಿನ ಬಲಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು.
3. ಸಂತುಲಿತ ಬಲಗಳಿಗೂ ಕ್ರಿಯೆ–ಪ್ರತಿಕ್ರಿಯೆ ಜೋಡಿಗೂ ಇರುವ ವ್ಯತ್ಯಾಸವನ್ನು ಹೇಳುವುದು.

ಸಾಮಗ್ರಿ: ಎರಡು ಸ್ಪ್ರಿಂಗ್ ತ್ರಾಸು, ಕೀಲಿ ಕೊಟ್ಟು ಬಿಡುವ ಆಟಿಕೆ ಕಾರು, ಒಂದು ರಟ್ಟು, ಏಳೆಂಟು ದುಂಡು ಪೆನ್ಸಿಲ್.

ಹಂತ 1: ತೊಡಗಿಸಿಕೊಳ್ಳುವಿಕೆ (5 ನಿಮಿಷ)

ಗಾಡಿಯ ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಮಕ್ಕಳು ತಮ್ಮ ಮಾತಿನಲ್ಲೇ ಉತ್ತರಿಸಲಿ. "ಎತ್ತಿಗೆ ಜಾಸ್ತಿ ದಮ್ಮು ಐತೆ, ಅದ್ಕೆ" ಎಂಬ ಉತ್ತರ ಬರಬಹುದು. ಭಾಷೆಯನ್ನು ತಿದ್ದಬೇಡಿ. ಆ ಉತ್ತರದಲ್ಲಿ ಎತ್ತು ಎಳೆಯುವ ಬಲ ಗಾಡಿ ಎಳೆಯುವ ಬಲಕ್ಕಿಂತ ಹೆಚ್ಚು ಎಂಬ ಊಹೆ ಅಡಗಿದೆ. ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಡಿ, ಪರೀಕ್ಷಿಸೋಣ ಎನ್ನಿ.

ಹಂತ 2: ಪರಿಶೋಧನೆ (12 ನಿಮಿಷ)

ಎರಡು ಸ್ಪ್ರಿಂಗ್ ತ್ರಾಸುಗಳ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ. ಬಲವಾದ ಹುಡುಗನೊಬ್ಬ ಎಳೆಯಲಿ, ಇನ್ನೊಬ್ಬಳು ಸುಮ್ಮನೆ ಹಿಡಿದು ನಿಲ್ಲಲಿ. ಎರಡೂ ತ್ರಾಸುಗಳ ಅಂಕಿ ಒಂದೇ ಇರುತ್ತದೆ. ಮೂಲೆಯಲ್ಲಿ ಬರೆದ ಊಹೆ ಇಲ್ಲಿ ನಿಲ್ಲುವುದಿಲ್ಲ.

ಮುಂದೆ, ಮೇಜಿನ ಮೇಲೆ ಪೆನ್ಸಿಲ್‌ಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ರಟ್ಟು, ರಟ್ಟಿನ ಮೇಲೆ ಕೀಲಿ ಕೊಟ್ಟ ಕಾರು ಬಿಡಿ. ಕಾರು ಮುಂದೆ ಹೋಗುತ್ತದೆ, ರಟ್ಟು ಹಿಂದೆ ಸರಿಯುತ್ತದೆ. "ರಟ್ಟನ್ನು ಹಿಂದಕ್ಕೆ ತಳ್ಳಿದ್ದು ಯಾರು? ಕಾರನ್ನು ಮುಂದಕ್ಕೆ ತಳ್ಳಿದ್ದು ಯಾರು?" ಎರಡನೆಯ ಪ್ರಶ್ನೆಗೆ ತರಗತಿ ಸ್ವಲ್ಪ ಹೊತ್ತು ಮೌನವಾಗಬಹುದು. ಕಾಯಿರಿ. ರಟ್ಟೇ ಕಾರನ್ನು ಮುಂದಕ್ಕೆ ತಳ್ಳಿತು ಎಂಬ ಉತ್ತರ ಮಕ್ಕಳಿಂದಲೇ ಬರಬೇಕು.

ಹಂತ 3: ವಿವರಣೆ (13 ನಿಮಿಷ)

ಈಗ ಗಾಡಿಗೆ ಬನ್ನಿ. ಎತ್ತುಗಳದ್ದೊಂದು, ಗಾಡಿಯದ್ದೊಂದು ಚಿತ್ರವನ್ನು ಪ್ರತ್ಯೇಕವಾಗಿ ಬರೆಯಿರಿ. ಸರಳ ಅಂಕಿಗಳನ್ನು ಊಹಿಸಿಕೊಳ್ಳೋಣ. ಕಬ್ಬು ಸೇರಿ ಗಾಡಿಯ ರಾಶಿ 1000 ಕಿ.ಗ್ರಾಂ, ಎರಡು ಎತ್ತುಗಳದ್ದು 800 ಕಿ.ಗ್ರಾಂ. ಎತ್ತುಗಳು ಗಾಡಿಯನ್ನು 500 ನ್ಯೂಟನ್ ಬಲದಿಂದ ಎಳೆಯುತ್ತಿವೆ. ಗಾಡಿಯ ಚಲನೆಗೆ ರಸ್ತೆ ಮತ್ತು ಅಚ್ಚಿನಿಂದ ಆಗುವ ತಡೆ 400 ನ್ಯೂಟನ್.

ಗಾಡಿಯ ಮೇಲೆ: ಮುಂದಕ್ಕೆ 500, ಹಿಂದಕ್ಕೆ 400. ಉಳಿಯುವುದು ಮುಂದಕ್ಕೆ 100 ನ್ಯೂಟನ್. ವೇಗೋತ್ಕರ್ಷ 100 ÷ 1000 = 0.1 ಮೀ/ಸೆ².

ಎತ್ತುಗಳ ಮೇಲೆ: ಗಾಡಿ ಹಿಂದಕ್ಕೆ ಎಳೆಯುವ ಬಲ 500 ನ್ಯೂಟನ್. ಗಾಡಿಯೊಂದಿಗೆ ಎತ್ತುಗಳಿಗೂ ಅದೇ 0.1 ವೇಗೋತ್ಕರ್ಷ ಬೇಕಾದರೆ 800 × 0.1 = 80 ನ್ಯೂಟನ್ ಉಳಿಯಬೇಕು. ಆದ್ದರಿಂದ ಮುಂದಕ್ಕೆ 580 ನ್ಯೂಟನ್ ಬೇಕು. ಅದನ್ನು ಕೊಡುವುದು ನೆಲ. ಎತ್ತುಗಳು ಗೊರಸಿನಿಂದ ನೆಲವನ್ನು ಹಿಂದಕ್ಕೆ 580 ನ್ಯೂಟನ್‌ನಿಂದ ಒದೆಯುತ್ತವೆ, ನೆಲ ಅಷ್ಟೇ ಬಲದಿಂದ ಅವನ್ನು ಮುಂದಕ್ಕೆ ತಳ್ಳುತ್ತದೆ.

ಎರಡೂ 500ಗಳು ಸಮನಾಗಿಯೇ ಇವೆ. ಆದರೆ ಒಂದು ಗಾಡಿಯ ಮೇಲೆ, ಇನ್ನೊಂದು ಎತ್ತುಗಳ ಮೇಲೆ. ಬೇರೆ ಬೇರೆ ಕಾಯಗಳ ಮೇಲಿನ ಬಲಗಳು ಒಂದನ್ನೊಂದು ರದ್ದು ಮಾಡಲಾರವು. ಗಾಡಿಯ ಚಿತ್ರದಲ್ಲಿ ಎತ್ತಿನ ಮೇಲಿನ ಬಲ ಬರೆಯುವಂತಿಲ್ಲ. ಕೆಸರುಗದ್ದೆಯಲ್ಲಿ ಗಾಡಿ ನಿಂತುಹೋಗುವುದು ಏಕೆಂದು ಈಗ ಮಕ್ಕಳೇ ಹೇಳಬಲ್ಲರು: ಅಲ್ಲಿ ಗಾಲಿ ಹೂತು ತಡೆ ಹೆಚ್ಚುತ್ತದೆ, ಗೊರಸು ಜಾರಿ ನೆಲದಿಂದ ಬೇಕಾದಷ್ಟು ಬಲ ಸಿಗುವುದಿಲ್ಲ.

ಒಂದು ಮಾತು ಸೇರಿಸಿ. ಗಾಡಿ ಒಂದೇ ವೇಗದಲ್ಲಿ ನೇರವಾಗಿ ಸಾಗುವಾಗ ಎತ್ತುಗಳ ಎಳೆತ 400ಕ್ಕೆ ಇಳಿದಿರುತ್ತದೆ. ತಡೆಯೂ 400. ಬಲಗಳು ಸಂತುಲಿತವಾಗಿವೆ, ಆದರೂ ಗಾಡಿ ಚಲಿಸುತ್ತಿದೆ. ಇದು ಮೊದಲನೆಯ ನಿಯಮ. ಹೊರಡುವಾಗ ಎತ್ತು ಹೆಚ್ಚು ಮುಗ್ಗರಿಸಿ ಎಳೆಯುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ.

ಹಂತ 4: ವಿಸ್ತರಣೆ (8 ನಿಮಿಷ)

ಮಕ್ಕಳನ್ನು ಮೂರು ಗುಂಪು ಮಾಡಿ, ತಲಾ ಒಂದು ಸನ್ನಿವೇಶ ಕೊಡಿ.

ಮದ್ದೂರು: ನಿಲ್ದಾಣದಿಂದ ರೈಲು ಹೊರಟಾಗ ನಿಂತಿರುವ ಪ್ರಯಾಣಿಕರು ಹಿಂದಕ್ಕೆ ವಾಲುವುದೇಕೆ?
ಮಳವಳ್ಳಿ: ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದ ನೀರಿನ ಬಲದಿಂದ ವಿದ್ಯುತ್ ತಯಾರಾಗುತ್ತಿದೆ. ನೀರು ಟರ್ಬೈನನ್ನು ತಳ್ಳಿದರೆ, ಟರ್ಬೈನ್ ನೀರನ್ನು ಏನು ಮಾಡುತ್ತದೆ?
ಮಂಡ್ಯ: ಕಬ್ಬು ತುಂಬಿದ ಟ್ರ್ಯಾಕ್ಟರ್‌ಗೂ ಖಾಲಿ ಟ್ರ್ಯಾಕ್ಟರ್‌ಗೂ ಬ್ರೇಕಿನ ಬಲ ಒಂದೇ ಆದರೆ ಯಾವುದು ಹೆಚ್ಚು ದೂರ ಸಾಗಿ ನಿಲ್ಲುತ್ತದೆ?

ಮೂರನೆಯ ಪ್ರಶ್ನೆಯನ್ನು ಬಿಡಬೇಡಿ. ಹೆದ್ದಾರಿ ದಾಟಿ ಶಾಲೆಗೆ ಬರುವ ಮಗು, ತುಂಬಿದ ಗಾಡಿ ಕೂಡಲೇ ನಿಲ್ಲಲಾರದು ಎಂದು ತಿಳಿದಿರಬೇಕು.

ಹಂತ 5: ಮೌಲ್ಯಮಾಪನ (7 ನಿಮಿಷ)

ಮೇಜಿನ ಮೇಲೆ ಪುಸ್ತಕವಿದೆ. ಪುಸ್ತಕದ ತೂಕ ಮತ್ತು ಮೇಜು ಅದನ್ನು ಮೇಲಕ್ಕೆ ತಳ್ಳುವ ಬಲ, ಇವು ಕ್ರಿಯೆ–ಪ್ರತಿಕ್ರಿಯೆಯೇ?

ಅಲ್ಲ. ಎರಡೂ ಪುಸ್ತಕದ ಮೇಲೆಯೇ ಇವೆ, ಆದ್ದರಿಂದ ಅವು ಸಂತುಲಿತ ಬಲಗಳು. ಭೂಮಿ ಪುಸ್ತಕವನ್ನು ಎಳೆಯುವುದಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವುದು. ಪ್ರಶಿಕ್ಷಣಾರ್ಥಿಗಳೂ ಎಡವುವ ಜಾಗವಿದು. ಪ್ರತಿ ಬಲಕ್ಕೂ "ಯಾವುದು, ಯಾವುದರ ಮೇಲೆ" ಎಂದು ಬರೆಯಿಸಿ. ಎರಡು ಹೆಸರುಗಳು ಅದಲುಬದಲಾದರೆ ಮಾತ್ರ ಅದು ಜೋಡಿ.

ವೀಕ್ಷಕರಿಗೆ ಸೂಚನೆ

ಪಾಠ ವೀಕ್ಷಿಸುವ ಉಪನ್ಯಾಸಕರು ಮಕ್ಕಳು ನಿಯಮ ಒಪ್ಪಿಸಿದರೇ ಎಂಬುದಕ್ಕಿಂತ, ಎಷ್ಟು ಮಕ್ಕಳು ಗಾಡಿಯ ಚಿತ್ರದಲ್ಲಿ ಗಾಡಿಯ ಮೇಲಿನ ಬಲಗಳನ್ನು ಮಾತ್ರ ಬರೆದರು ಎಂದು ಎಣಿಸಲಿ. ಪಾಠ ತಲುಪಿತೇ ಇಲ್ಲವೇ ಎಂಬುದು ಆ ಎಣಿಕೆಯಿಂದ ತಿಳಿಯುತ್ತದೆ.