ಅನ್‌ಇನ್‌ಸ್ಟಾಲ್ ಒತ್ತುವ ಮುನ್ನ

ನೆಂಟರಿಷ್ಟರ ಮನೆಯ ಕಂಪ್ಯೂಟರ್ ಸರಿಮಾಡಿಕೊಡುವುದು ನನಗೆ ಹಳೆಯ ರೂಢಿ. ‘ತುಂಬಾ ಸ್ಲೋ ಆಗಿದೆ, ಬೇಡದ್ದೆಲ್ಲ ತೆಗೆದುಬಿಡಿ’ ಅನ್ನುವುದು ಎಲ್ಲರ ಮೊದಲ ಮಾತು. ಯಾವುದು ಬೇಡದ್ದು ಎಂದು ಗೊತ್ತುಮಾಡಿಕೊಳ್ಳುವುದೇ ಕಷ್ಟದ ಕೆಲಸ.

1. ಹೆಸರು ಗೊತ್ತಿಲ್ಲದ್ದೆಲ್ಲ ಬೇಡದ್ದಲ್ಲ

ವಿಂಡೋಸ್ ಪಟ್ಟಿಯಲ್ಲಿ ‘ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್’ ಎಂಬುದು 2010, 2012, 2013 ಎಂದು ಸಾಲಾಗಿ ಕಾಣುತ್ತದೆ. ಹೊಸದೊಂದು ಸಾಕೆಂದು ಒಮ್ಮೆ ಹಳೆಯವನ್ನೆಲ್ಲ ತೆಗೆದೆ. ಆ ಮನೆಯವರ ಲೆಕ್ಕಪತ್ರದ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಡಿಎಲ್‌ಎಲ್ ಫೈಲ್ ಸಿಗುತ್ತಿಲ್ಲವೆಂಬ ಸಂದೇಶ ಬಂತು. ಬೇರೆ ಪ್ರೋಗ್ರಾಂಗಳು ಇವನ್ನು ನೆಚ್ಚಿಕೊಂಡಿರುತ್ತವೆ, 2013ರದ್ದು 2010ರದರ ಕೆಲಸ ಮಾಡುವುದಿಲ್ಲ. ಹಿಡಿಯುವ ಜಾಗವೂ ಅಷ್ಟಕ್ಕಷ್ಟೆ. ಈಗ ಅವುಗಳ ತಂಟೆಗೆ ಹೋಗುವುದಿಲ್ಲ.

2. ಫಾಂಟ್ ಹೋದರೆ ಬರಹವೂ ಹೋದ ಹಾಗೆ

ಕನ್ನಡದವರ ಮನೆಯಲ್ಲಿ ಈ ಎಚ್ಚರ ಬೇಕೇ ಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳ ಒಳಗಿರುವುದು ಇಂಗ್ಲಿಷ್ ಲಿಪಿಯ ಸಂಕೇತಗಳು. ಕನ್ನಡವಾಗಿ ತೋರಿಸುವುದು ಫಾಂಟ್ ಮಾತ್ರ. ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ‘ಈಗ ಮೊಬೈಲಲ್ಲೇ ಬರೀತೀನಪ್ಪ, ನುಡಿ ತೆಗೆದ್ಹಾಕು’ ಅಂದರು. ತೆಗೆಯುವ ಮುನ್ನ ಡಿ ಡ್ರೈವ್ ನೋಡಿದೆ. ಊರ ದೇವಸ್ಥಾನದ ಚರಿತ್ರೆ, ಅವರ ತಾಯಿ ಹೇಳುತ್ತಿದ್ದ ಸೋಬಾನೆ ಪದಗಳು, ಎಲ್ಲವೂ ನುಡಿ ಫಾಂಟಿನಲ್ಲಿದ್ದವು. ಫಾಂಟ್ ಇಲ್ಲದೆ ತೆರೆದರೆ ಪುಟದ ತುಂಬ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳೇ. ಪರಿವರ್ತಕ ಹಾಕಿ ಒಂದೊಂದೇ ಕಡತವನ್ನು ಯೂನಿಕೋಡ್‌ಗೆ ತಂದೆವು. ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಸ್ಥಾನ ತಪ್ಪಿದ್ದವು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಪ್ರತಿ ಸಾಲನ್ನೂ ತಿದ್ದಿದರು. ಮೂಲ ಕಡತಗಳನ್ನೂ ನುಡಿಯನ್ನೂ ಹಾಗೇ ಉಳಿಸಿಕೊಂಡೆವು.

3. ಕೆಲವನ್ನು ಮಾತ್ರ ಇಟ್ಟುಕೊಳ್ಳಲೇಬಾರದು

ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿ, ತೆಗೆದುಹಾಕಿ ಎಂದು ತಾನೇ ಹೇಳಿತು. ವಿಂಡೋಸ್‌ನ ಕ್ವಿಕ್‌ಟೈಮ್ ಕಥೆ 2016ರಲ್ಲೇ ಮುಗಿದಿತ್ತು. ದೋಷ ತಿದ್ದುವವರೇ ಇಲ್ಲದ ಸಾಫ್ಟ್‌ವೇರ್ ಅಂದರೆ ಚಿಲಕವಿಲ್ಲದ ಹಿತ್ತಲ ಬಾಗಿಲು. ಇಲ್ಲಿ ನಾನು ಯಾರ ಮುಲಾಜಿಗೂ ಒಳಗಾಗುವುದಿಲ್ಲ.

4. ಮೊದಲು ನಿಲ್ಲಿಸಿ, ಆಮೇಲೆ ತೆಗೆಯಿರಿ

ತೆರೆಯದೆ ಸುಮ್ಮನೆ ಬಿದ್ದಿರುವ ಪ್ರೋಗ್ರಾಂನಿಂದ ಡಿಸ್ಕ್ ತುಂಬಬಹುದೇ ಹೊರತು ವೇಗ ಕುಗ್ಗುವುದು ಅಪರೂಪ. ವೇಗ ತಿನ್ನುವುದು ಕಂಪ್ಯೂಟರ್ ಜೊತೆಗೇ ಎದ್ದು ಹಿನ್ನೆಲೆಯಲ್ಲಿ ಓಡುತ್ತಿರುವಂಥವು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಅನುಮಾನದ್ದನ್ನು ಡಿಸೇಬಲ್ ಮಾಡಿ ಕೆಲವು ವಾರ ಬಿಡುತ್ತೇನೆ. ಪ್ರಿಂಟರ್ ನಿಂತಿತೇ, ಮಗಳ ಕಾಲೇಜಿನ ಕೆಲಸಕ್ಕೆ ತೊಡಕಾಯಿತೇ ಎಂದು ಮನೆಯವರನ್ನೆಲ್ಲ ಕೇಳುತ್ತೇನೆ. ಯಾರಿಗೂ ಬೇಡವೆಂದಾದರೆ, ದುಡ್ಡು ಕೊಟ್ಟು ಕೊಂಡದ್ದಾಗಿದ್ದಲ್ಲಿ ಲೈಸೆನ್ಸ್ ಕೀ ಬರೆದಿಟ್ಟುಕೊಂಡು, ಆಮೇಲೆ ತೆಗೆಯುತ್ತೇನೆ.