ಪ್ರೆಸ್ ಕೊಳ್ಳುವ ಮುನ್ನ ಕೊನೆಯ ಕಂತಿನ ಬಡ್ಡಿ ನೋಡಿ

ಎರಡು ಲಕ್ಷದ ನಲವತ್ತು ಸಾವಿರ ರೂಪಾಯಿ. ಬೆಂಗಳೂರಿನ ಮಡಿವಾಳದ ನಮ್ಮ ವರ್ಕ್‌ಶಾಪಿನಲ್ಲಿ ಒಂದೇ ಯಂತ್ರಕ್ಕೆ ಇಷ್ಟು ದುಡ್ಡು ಸುರಿದಿದ್ದು ಇದೇ ಮೊದಲು: 50 ಟನ್ನಿನ, ಮೋಟಾರ್ ಕೂರಿಸಿದ ಹೈಡ್ರಾಲಿಕ್ ಪ್ರೆಸ್. ಮೇಲಿನ 43,200 ರೂಪಾಯಿ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ಟಿನಲ್ಲಿ ತೀರಿತು, ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ ಎಂದು ಕೇಳದವರಿಲ್ಲ. ದುಬಾರಿ ಹೌದು. ಆದರೂ ಸರಿಯಾದ ಖರ್ಚು ಎಂದೇ ಈಗಲೂ ಹೇಳುತ್ತೇನೆ.

ಯಾಕೆಂದರೆ ಕೆಲಸ ಮೊದಲೇ ಇತ್ತು, ಯಂತ್ರ ಆಮೇಲೆ ಬಂತು. ಸಂಜೆಯಾದರೆ ಮಡಿವಾಳದ ಹೊಸೂರು ರಸ್ತೆಯಲ್ಲಿ ಕೇರಳ, ತಮಿಳುನಾಡಿನ ಬಸ್ಸುಗಳಿಗೆ ಜನ ಕಾಯುತ್ತಾ ನಿಂತಿರುತ್ತಾರೆ. ಬಸ್ಸು, ಟೆಂಪೊ ಟ್ರಾವೆಲರ್, ಸ್ಕೂಲ್ ವ್ಯಾನ್, ಸಾಮಾನು ಸಾಗಿಸುವ ಗಾಡಿ, ಎಲ್ಲಕ್ಕೂ ಕಿಂಗ್ ಪಿನ್, ಸ್ಪ್ರಿಂಗ್ ಬುಷ್, ಹಬ್ ಬೇರಿಂಗ್ ಸವೆಯುತ್ತಲೇ ಇರುತ್ತವೆ. ಇವನ್ನು ತೆಗೆಯುವುದಕ್ಕೂ ಕೂರಿಸುವುದಕ್ಕೂ ಪ್ರೆಸ್ ಬೇಕೇ ಬೇಕು. ಮುಂಚೆ ಹೊರಗೆ ಕಳಿಸಿ ಮಾಡಿಸುತ್ತಿದ್ದೆವು.

ಚಾನಲ್ ತಂದು ವೆಲ್ಡ್ ಮಾಡಿ, ನಡುವೆ 20 ಟನ್ನಿನ ಬಾಟಲ್ ಜಾಕ್ ಇಟ್ಟು ಮನೆಯಲ್ಲೇ ಪ್ರೆಸ್ ಕಟ್ಟಬಹುದಲ್ಲ ಎಂದು ಕೇಳುವವರಿದ್ದಾರೆ. ಕಟ್ಟಬಹುದು, ಅಗ್ಗವೂ ಹೌದು. ಹಾಗೆ ಕಟ್ಟಿದ ಒಂದು ಫ್ರೇಮಿನಲ್ಲಿ ಆದದ್ದನ್ನು ಕಣ್ಣಾರೆ ನೋಡಿದ್ದೇನೆ. ಬೆಡ್ಡು ಹೊರುವ ಪಿನ್ನಿನ ತೂತುಗಳು ದುಂಡಗೆ ಉಳಿಯದೆ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದವು, ಬೆಡ್ಡು ಒಂದು ಕಡೆ ವಾಲಿತ್ತು. ಬುಷ್ ಓರೆಯಾಗಿ ಇಳಿದು ಹೌಸಿಂಗ್ ಸೀಳಿತು. ಉಳಿಸಿದ ದುಡ್ಡೆಲ್ಲ ಗಿರಾಕಿಯ ಹೊಸ ಹೌಸಿಂಗಿಗೆ ಹೋಯಿತು. ಸಿದ್ಧ ಯಂತ್ರ ಕೊಳ್ಳುವಾಗಲೂ ಪ್ಲೇಟಿನ ಮೇಲೆ ಬರೆದ ಟನ್ನನ್ನು ನಂಬಿ ಕೂರಬೇಡಿ, ಸಿಲಿಂಡರಿನ ಬೋರ್ ಕೇಳಿ. 180 ಎಂಎಂ ಬೋರಿಗೆ 200 ಕೆಜಿ ಪ್ರೆಶರಿನಲ್ಲಿ ಸುಮಾರು 50 ಟನ್ ಬರುತ್ತದೆ. ಬೋರ್ 150 ಇದ್ದರೆ ಅದೇ ಪ್ರೆಶರಿಗೆ 35 ಟನ್ನು, ಅಷ್ಟೇ.

ಇನ್ನು ಸಾಲದ ಮಾತು. ಈ ಅಂಕಣ ಬರೆಯಲು ಕೂತಿದ್ದೇ ಅದಕ್ಕೆ. ಒಂದು ಫೈನಾನ್ಸ್ ಕಂಪನಿಯ ಹುಡುಗ ಅಂಗಡಿಗೇ ಬಂದು, 'ಸರ್, ಬರೀ 12 ಪರ್ಸೆಂಟ್, ಮೂರು ವರ್ಷ, ಇವತ್ತೇ ಸ್ಯಾಂಕ್ಷನ್' ಎಂದ. ಬ್ಯಾಂಕೂ 12 ಎಂದಿತ್ತು. ಎರಡೂ ಒಂದೇ ಎಂದು ಮೊದಲು ಬಂದವರಿಗೆ ಸಹಿ ಹಾಕುವವರೇ ಹೆಚ್ಚು. ಒಂದೇ ಅಲ್ಲ. ಅವರದು ಫ್ಲಾಟ್, ಅಂದರೆ ಮೊದಲ ಸಾಲದ ಮೇಲೇ ಕೊನೆಯವರೆಗೂ ಬಡ್ಡಿ; ಬ್ಯಾಂಕಿನದು ರೆಡ್ಯೂಸಿಂಗ್, ಉಳಿದ ಅಸಲಿನ ಮೇಲೆ ಮಾತ್ರ.

ಪೆನ್ನು ತೆಗೆದುಕೊಳ್ಳಿ. 2,40,000ಕ್ಕೆ ವರ್ಷಕ್ಕೆ 12 ಪರ್ಸೆಂಟ್ ಅಂದರೆ 28,800. ಮೂರು ವರ್ಷಕ್ಕೆ 86,400. ಅಸಲಿಗೆ ಕೂಡಿಸಿದರೆ 3,26,400, ಅದನ್ನು 36ರಿಂದ ಭಾಗಿಸಿದರೆ ಕಂತು 9,067. ಆ ಕಂತನ್ನು ಒಡೆದು ನೋಡಿ: ಅಸಲು 6,667, ಬಡ್ಡಿ 2,400. ಮೊದಲ ತಿಂಗಳು ಅವರ ಪೂರ್ತಿ 2,40,000 ನಿಮ್ಮ ಹತ್ತಿರ ಇದೆ, 2,400 ಬಡ್ಡಿ ನ್ಯಾಯವೇ. ಕೊನೆಯ ತಿಂಗಳು ನಿಮ್ಮ ಹತ್ತಿರ ಉಳಿದಿರುವುದು ಬರೀ 6,667. ಆಗಲೂ ಬಡ್ಡಿ 2,400! ರೆಡ್ಯೂಸಿಂಗಿನಲ್ಲಿ ಅದೇ 12ಕ್ಕೆ ಕಂತು 7,971. ಅಲ್ಲಿಯೂ ಮೊದಲ ತಿಂಗಳ ಬಡ್ಡಿ 2,400; ಕೊನೆಯ ತಿಂಗಳದು 79 ರೂಪಾಯಿ. ಒಟ್ಟು ಬಡ್ಡಿ ಹತ್ತಿರಹತ್ತಿರ 47,000. ಎರಡಕ್ಕೂ ವ್ಯತ್ಯಾಸ 39,000 ದಾಟುತ್ತದೆ. ಫ್ಲಾಟ್ 12ನ್ನು ರೆಡ್ಯೂಸಿಂಗಿಗೆ ತಿರುಗಿಸಿದರೆ ಅದು 21 ಪರ್ಸೆಂಟಿಗೂ ಮೇಲೆ. ಪ್ರೊಸೆಸಿಂಗ್ ಫೀ, ಜೊತೆಗೆ ತಗುಲಿಸುವ ಇನ್ಶೂರೆನ್ಸ್ ಸೇರಿದರೆ ಇನ್ನೂ ಏರುತ್ತದೆ. ಇದನ್ನು 12 ಎಂದು ಕರೆಯುವುದು ಮೋಸ. ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

ಕೆಲಸದ ಲೆಕ್ಕದಲ್ಲಿ ಹೇಳುವುದಾದರೆ, ಕೂಲಿ, ಕರೆಂಟು ಕಳೆದು ಒಂದು ಜಾಬಿಗೆ 150 ರೂಪಾಯಿ ಉಳಿದರೆ ಬ್ಯಾಂಕಿನ ಕಂತಿಗೆ ತಿಂಗಳಿಗೆ 54 ಜಾಬು ಬೇಕು, ಫ್ಲಾಟಿಗೆ 61. ಆ ಏಳು ಜಾಬಿನ ಬೆವರು ನೇರವಾಗಿ ಫೈನಾನ್ಸಿನವರಿಗೆ. ಕಂತಿನಷ್ಟು ಜಾಬು ಮುಗಿಯುವವರೆಗೂ ಮಾಲೀಕರಿಗೆ ಸಂಬಳವಿಲ್ಲ.

ಪ್ರೆಸ್ ಬಂದ ಮೇಲೆ ದೀಪಾವಳಿ ಹತ್ತಿರವಾದಾಗ ಪರಿಚಯದವರೊಬ್ಬರು ಬೇರೆಯದೇ ಜಾಬು ತಂದರು. ಬಾಣದ ರಾಕೆಟ್ಟಿನ ಕೊಳವೆಗೆ ಮದ್ದು ಒತ್ತಿಕೊಡಬೇಕು, ಸೀಸನ್ನಿನಲ್ಲೇ ಎರಡು ವರ್ಷದ ಕಂತು ಹುಟ್ಟುತ್ತದೆ ಎಂದರು. ಆಗುವುದಿಲ್ಲ ಎಂದೆ. ಈ ಊರಿಗೆ ರಾಕೆಟ್ ಹೊಸದಲ್ಲ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಇತ್ತು. 1780ರ ಪೊಳ್ಳಿಲೂರಿನಲ್ಲಿ ಇಂಗ್ಲಿಷರಿಗೆ ಅವುಗಳ ಬಿಸಿ ತಟ್ಟಿತು. ಕಬ್ಬನ್ ಪೇಟೆಯ ಪಕ್ಕದ ತಾರಾಮಂಡಲಪೇಟೆಗೆ ಆ ನೆನಪಿನ ಹೆಸರೇ ಉಳಿದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೇ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿದವು. ಹೆಮ್ಮೆಯ ಚರಿತ್ರೆ, ಸರಿ. ಆದರೆ ಅದನ್ನು ನೆಪ ಮಾಡಿಕೊಂಡು ಜನವಸತಿಯ ಬೀದಿಯಲ್ಲಿ ಮದ್ದು ಒತ್ತುವ ಹಾಗಿಲ್ಲ. 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳ ಪ್ರಕಾರ ಲೈಸೆನ್ಸ್ ಇಲ್ಲದೆ ಪಟಾಕಿ ತಯಾರಿಸುವುದು ಅಪರಾಧ.

ಲೆಕ್ಕವೂ ಕೂಡುವುದಿಲ್ಲ. ಆಯಿಲ್ ಮೆತ್ತಿದ ನೆಲ, ಪಕ್ಕದಲ್ಲೇ ವೆಲ್ಡಿಂಗ್ ಕಿಡಿ, ಮೋಟಾರಿನ ಸ್ವಿಚ್ಚು, ಮೇಲಿನ ಮಹಡಿಯಲ್ಲಿ ಪಿಜಿಯ ಹುಡುಗರು. ಇನ್ಶೂರೆನ್ಸಿನಲ್ಲಿ ಗಾಡಿ ರಿಪೇರಿ ಎಂದು ಬರೆಸಿ ಒಳಗೆ ಮದ್ದು ಇಟ್ಟವರಿಗೆ ಕ್ಲೇಮ್ ಸಿಗುತ್ತದೆಂದು ಯಾರೂ ಆಸೆ ಇಟ್ಟುಕೊಳ್ಳಬಾರದು. ಇದೇ ಹೊಸೂರು ರಸ್ತೆಯ ತುದಿಯ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. 14ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ತಮಿಳುನಾಡಿನಿಂದ ದುಡಿಯಲು ಬಂದ ಹುಡುಗರು. ಅಲ್ಲಿ ತಯಾರಿಕೆಯೂ ನಡೆದಿರಲಿಲ್ಲ, ಲಾರಿಯಿಂದ ಮಾಲು ಇಳಿಸುತ್ತಿದ್ದರು.

ದುಡಿಮೆಗೆ ಕೂತವರಿಗೆ ನಾನು ಹೇಳುವ ಅಭ್ಯಾಸಗಳು ಎರಡೇ. ಬಂದ ದುಡ್ಡಿನಿಂದ ಸೀಲ್ ಕಿಟ್, ಆಯಿಲ್‌ಗೆ ದಿನವೂ ಒಂದಿಷ್ಟು ಬೇರೆ ತೆಗೆದಿಡಿ. ಸೀಲು ಹೋದ ದಿನ ಮೀಟರ್ ಬಡ್ಡಿಗೆ ಕೈಚಾಚುವವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೇ, ಪ್ರೆಸ್ಸಿನ ಸಾಲ ತೀರುವವರೆಗೆ ಬೈಕು, ಫೋನಿನ ಇನ್ನೊಂದು ಕಂತು ತಲೆಗೆ ಕಟ್ಟಿಕೊಳ್ಳಬೇಡಿ.

ಮತ್ತೆ ಸಾಲದ ಮಾತಿಗೆ ಬಂದರೆ, 2024ರ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ರಿಸರ್ವ್ ಬ್ಯಾಂಕಿನ ಅಪ್ಪಣೆ ಇದೆ: ಸಣ್ಣ ಉದ್ದಿಮೆಯ ಟರ್ಮ್ ಲೋನಿಗೂ ಮುಖ್ಯ ವಿವರಗಳ ಹಾಳೆ, ಅಂದರೆ ಕೆಎಫ್‌ಎಸ್ ಕೊಡಬೇಕು, ಅದರಲ್ಲಿ ಫೀಸು ಸೇರಿದ ವಾರ್ಷಿಕ ದರ, ಎಪಿಆರ್, ಬರೆದಿರಬೇಕು. ಫ್ಲಾಟು, ರೆಡ್ಯೂಸಿಂಗು ಎಂಬ ಮಾತೆಲ್ಲ ಆ ಒಂದು ಸಾಲಿನಲ್ಲಿ ಬಯಲಾಗುತ್ತದೆ. ಕೇಳದಿದ್ದರೂ ಕೊಡಲೇಬೇಕು. ಆ ಹಾಳೆ ಕೈಗೆ ಬರುವವರೆಗೆ ಡೀಲರಿಗೆ ಒಂದು ರೂಪಾಯಿ ಅಡ್ವಾನ್ಸೂ ಕೊಡಬೇಡಿ.