ಹೊಸ್ತಿಲಲ್ಲಿ ನಿಂತ ಕಾಲಿಗೆ ಏಕತಾಳ

ನಮ್ಮ ಅಪ್ಪಯ್ಯ ಮಹಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಾರೆ. ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿಗೆ ಬಂದರೆ ಮಾತ್ರ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಮೈ ಮುಂದಕ್ಕೆ ವಾಲುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಪಾದ ಇದ್ದಲ್ಲೇ ನಡುಗುತ್ತದೆ. ಪಾರ್ಕಿನ್ಸನ್ ಕಾಯಿಲೆಯವರು ಇರುವ ಎಷ್ಟೋ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ನೋಡಲು ಬಂದ ನೆಂಟರಿಗೆ ಮಾತ್ರ ಆಶ್ಚರ್ಯ. ಮೆಟ್ಟಿಲು ಹತ್ತುವವರಿಗೆ ಸಪಾಟು ನೆಲದಲ್ಲಿ ಎಂಥ ಕಷ್ಟ, ಹಟ ಮಾಡುತ್ತಾರೋ ಏನೋ ಎಂದು ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದವರೂ ಇದ್ದಾರೆ.

ಹಟ ಅಲ್ಲ ಅದು. ನಡಿಗೆ ಎಂದರೆ ನಾವು ಯೋಚಿಸದೆಯೇ ಆಗಿಹೋಗುವ ಕೆಲಸ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಅದನ್ನು ತನ್ನಷ್ಟಕ್ಕೆ ನಡೆಸಿಕೊಂಡು ಹೋಗಲು ನೆರವಾಗುತ್ತದೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾದಾಗ ಈ ತನ್ನಷ್ಟಕ್ಕೆ ಆಗುವ ಕೆಲಸಕ್ಕೇ ಮೊದಲು ಪೆಟ್ಟು ಬೀಳುತ್ತದೆ. ಆದರೆ ಕಣ್ಣಿಗೋ ಕಿವಿಗೋ ಹೊರಗಿನಿಂದ ಒಂದು ಗುರುತು ಸಿಕ್ಕರೆ ಮಿದುಳು ಬೇರೆ ದಾರಿ ಹಿಡಿದು ಕಾಲನ್ನು ಎತ್ತಿಸಬಲ್ಲದು. ಮೆಟ್ಟಿಲಿನ ಒಂದೊಂದು ಅಂಚೂ ಅಂಥ ಗುರುತೇ. ಸಪಾಟು ನೆಲದಲ್ಲಿ ಅದಿಲ್ಲ. ಇದನ್ನು ನಮಗೆ ಬಿಡಿಸಿ ಹೇಳಿದವಳು ಫಿಸಿಯೋಥೆರಪಿ ಮಾಡಿಸುವ ಹುಡುಗಿ. ಅವಳ ಇನ್ನೊಂದು ಮಾತು ನನ್ನ ತಲೆಯಲ್ಲಿ ಉಳಿಯಿತು: ಕಾಲು ನಿಂತಾಗ ಎಳೆಯಬೇಡಿ, ಹಿಂದಿನಿಂದ ದೂಡಬೇಡಿ. ಪಾದ ಬಾರದೆ ಮೈ ಮಾತ್ರ ಮುಂದೆ ಬಂದರೆ ಬೀಳುವುದೇ.

ಪುಣೆಯ ಮಿಲೇಹಾ ಸೋನೇಜಿ ಎಂಬ ವಿನ್ಯಾಸಕಿ ತಮ್ಮ ಬಂಧುವೊಬ್ಬರಲ್ಲೂ ಇದನ್ನೇ ಗಮನಿಸಿದ್ದರು. ಮೆಟ್ಟಿಲಿಳಿದು ಬಂದವರು ಸಪಾಟು ನೆಲದಲ್ಲಿ ತಡವರಿಸುತ್ತಿದ್ದರು. ಆಕೆ ನೆಲದ ಮೇಲೆ ಮೆಟ್ಟಿಲಿನಂತೆ ಕಾಣುವ ಚಿತ್ರವನ್ನೇ ಹಾಸಿದರು. ಅದರ ಮೇಲೆ ಅವರು ಸಲೀಸಾಗಿ ನಡೆದರು. ಅದರ ವಿಡಿಯೋ ನೋಡಿದ ರಾತ್ರಿಯೇ ಅಮ್ಮನಿಗೂ ತೋರಿಸಿದೆ. ಅಮ್ಮ ಪೂರ್ತಿ ನೋಡಲೇ ಇಲ್ಲ. "ಗೆರೆ ಸಾಕಾದರೆ ನಾನು ಎಳೆಯುತ್ತೇನೆ" ಎಂದು ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದು ಕೂತಳು.

ನಮ್ಮದು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಬಿಳಿ ಎದ್ದು ಕಾಣುತ್ತದೆ. ಗೆರೆ ನಡೆಯುವ ದಾರಿಗೆ ಅಡ್ಡವಾಗಿರಬೇಕು, ಉದ್ದಕ್ಕೆ ಎಳೆದರೆ ಉಪಯೋಗವಿಲ್ಲ. ಒಂದರಿಂದ ಇನ್ನೊಂದಕ್ಕೆ ಅಪ್ಪಯ್ಯನ ಒಂದು ಹೆಜ್ಜೆಯಷ್ಟು ಅಂತರ. ನೆಲದ ಅಡ್ಡಗೆರೆ ಪಾರ್ಕಿನ್ಸನ್ ರೋಗಿಗಳ ಕಾಲನ್ನು ಎತ್ತಿಸುತ್ತದೆ ಎಂದು ಜೇಮ್ಸ್ ಪರ್ಡನ್ ಮಾರ್ಟಿನ್ ಎಂಬ ಬ್ರಿಟಿಷ್ ವೈದ್ಯರು 1967ರಲ್ಲೇ ಬರೆದಿದ್ದಾರೆ. ಅಮ್ಮ ಅದನ್ನು ಓದಿದವಳಲ್ಲ. ಆದರೆ ಗೆರೆಯ ಅಂತರವನ್ನು ಅವಳು ಅಳೆದ ರೀತಿ ನೋಡಬೇಕಿತ್ತು. ಅಪ್ಪಯ್ಯ ಮಾತ್ರೆ ತೆಗೆದುಕೊಂಡು ಚೆನ್ನಾಗಿ ಓಡಾಡುವ ಹೊತ್ತಿನಲ್ಲಿ ಅವರ ಹಿಂದೆಯೇ ಬಗ್ಗಿ ನಡೆದು, ಹಿಮ್ಮಡಿ ಬಿದ್ದಲ್ಲೆಲ್ಲ ಚಿಟಿಕೆ ಹಿಟ್ಟು ಉದುರಿಸಿದಳು. ಹೊಸ್ತಿಲಿನ ಆಚೆಗೂ ಈಚೆಗೂ ಗೆರೆ ಬಂತು. ಅಪ್ಪಯ್ಯ ಬಾಗಿಲಿಗೆ ಬಂದರು, ನಿಂತರು, ಗೆರೆ ನೋಡಿದರು, ದಾಟಿದರು. ನಾನು ಉಸಿರು ಬಿಗಿಹಿಡಿದಿದ್ದೆ. ಅವರು ಒಳಗೆ ಹೋಗಿ ನೀರು ಕುಡಿದು ಬಂದರು.

ನೆಲ ಒರೆಸಿದ ಕೂಡಲೇ ಹಿಟ್ಟು ಹೋಗುತ್ತದೆ. ಹಾಗಾಗಿ ಆಮೇಲೆ ಅದೇ ಗುರುತಿನ ಮೇಲೆ ಬಿಳಿ ಬಣ್ಣ ಹಚ್ಚಿಸಿದೆವು. ತಿರುಗುವ ಮೂಲೆಯಲ್ಲಿ ಗೆರೆ ಬೀಸಣಿಗೆಯಂತೆ ಹರಡಿದೆ, ಯಾಕೆಂದರೆ ನಿಂತಲ್ಲೇ ಗಿರಕ್ಕನೆ ತಿರುಗುವುದು ಅವರಿಗೆ ಅಪಾಯ, ದೊಡ್ಡ ಸುತ್ತು ಹಾಕಿಯೇ ತಿರುಗಬೇಕು. ಆ ಸುತ್ತಿಗೆ ಜಾಗ ಬೇಕೆಂದು ನಡುಮನೆಯ ಮಂಚ ಗೋಡೆಗೆ ಸರಿಯಿತು. ನಡೆಯುವಾಗ ಯಾರೂ ಹಿಂದಿನಿಂದ ಕೂಗಬಾರದು ಎಂಬುದು ಮನೆಯ ನಿಯಮವಾಯಿತು. ಒಂದೇ ಹೊತ್ತಿಗೆ ಎರಡು ಕೆಲಸ ಅವರ ಮಿದುಳಿಗೆ ಭಾರ. ಫೋನ್ ರಿಂಗಾದರೂ ಕಾಲು ನಿಲ್ಲುತ್ತದೆ.

ಕಣ್ಣಿಗೆ ಗೆರೆಯಾಯಿತು. ಕಿವಿಯ ದಾರಿ ಹಿಡಿದವರು ಅಪ್ಪಯ್ಯನೇ. ನಮ್ಮದು ಸಾಗರದ ಕಡೆಯ ಊರು, ಬಡಗುತಿಟ್ಟಿನ ಯಕ್ಷಗಾನ ಕೇಳಿಕೊಂಡೇ ಬೆಳೆದವರು. ಅಪ್ಪಯ್ಯ ಹವ್ಯಾಸಿ ಭಾಗವತರಾಗಿದ್ದರು. ಈಗ ದನಿ ತಗ್ಗಿದೆ, ಆದರೆ ತಾಳ ತಪ್ಪಿಲ್ಲ. ಬಚ್ಚಲಿಗೆ ಹೋಗುವ ಕಿರಿದಾದ ಓಣಿಯಲ್ಲಿ ಕಾಲು ನಿಂತಾಗ ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಎಣಿಕೆ ನನ್ನ ಗಾಬರಿಗೆ ತಕ್ಕಂತೆ ಓಡುತ್ತಿತ್ತು. "ಕೂಸೇ, ನಿನ್ನ ಲಯ ಸರಿಯಿಲ್ಲ, ತಾಳ ತಗೊಂಡು ಬಾ" ಎಂದರು. ಕಪಾಟಿನಲ್ಲಿದ್ದ ಹಿತ್ತಾಳೆ ತಾಳ ತಂದುಕೊಟ್ಟೆ. ಅವರು ಕೈಗೆ ತೆಗೆದುಕೊಳ್ಳದೆ ನನಗೇ ಹಾಕಲು ಹೇಳಿದರು. ಯಾವ ತಾಳ ಎಂಬುದನ್ನೂ ಅವರೇ ತೀರ್ಮಾನಿಸಿದರು. ಝಂಪೆ ಬೇಡ, ಅಷ್ಟತಾಳಕ್ಕೆ ಕಾಲು ಸೇರುವುದಿಲ್ಲ; ಏಕತಾಳ, ಅದೂ ನಿಧಾನದಲ್ಲಿ. ಎಡ, ಬಲ, ಎಡ, ಬಲ. ಅಂಟಿದ್ದ ಕಾಲು ಮೂರನೆಯದೋ ನಾಲ್ಕನೆಯದೋ ಪೆಟ್ಟಿಗೆ ಎದ್ದಿತು.

ಲಯಬದ್ಧ ಸದ್ದು ಪಾರ್ಕಿನ್ಸನ್ ನಡಿಗೆಗೆ ನೆರವಾಗುತ್ತದೆ ಎಂಬುದು ಚೆನ್ನಾಗಿ ಪರೀಕ್ಷೆಯಾದ ಸಂಗತಿ. ಮೆಟ್ರೊನೋಮ್ ಎಂಬ ಲಯಯಂತ್ರವನ್ನು ಚಿಕಿತ್ಸೆಯಲ್ಲಿ ಬಳಸುತ್ತಾರೆ. ಮೊಬೈಲಿನಲ್ಲಿ ಅದನ್ನೂ ಹಾಕಿಕೊಟ್ಟೆ. ಟಿಕ್ ಟಿಕ್ ಸದ್ದಿಗೂ ಅಪ್ಪಯ್ಯ ನಡೆಯುತ್ತಾರೆ. ಆದರೆ ತಾಳಕ್ಕೆ ನಡೆಯುವಾಗ ಅವರು ರೋಗಿಯಲ್ಲ, ಲಯ ತಪ್ಪಿದ ನನ್ನನ್ನು ತಿದ್ದುವ ಭಾಗವತರು. ಆ ವ್ಯತ್ಯಾಸ ಅವರ ಬೆನ್ನಿನಲ್ಲೇ ಕಾಣುತ್ತದೆ. ಅಲ್ಲಿಂದ ಮುಂದೆ ಯಾವ ಕಷ್ಟ ಬಂದರೂ ನಾವು ಮೊದಲು ಕೇಳಿಕೊಳ್ಳುವುದು ಒಂದನ್ನೇ: ಅವರಿಗೆ ಇನ್ನೂ ಚೆನ್ನಾಗಿ ಬರುವುದು ಏನು? ಅದನ್ನು ಹಿಡಿದರೆ ಬಾರದಿರುವುದನ್ನು ದಾಟಬಹುದು.

ದನಿಯ ವಿಷಯವೂ ಹಾಗೇ. ಈ ಕಾಯಿಲೆಯಲ್ಲಿ ಮಾತು ಪಿಸುಮಾತಾಗುತ್ತದೆ, ಅವರಿಗೆ ಮಾತ್ರ ತಾನು ಸರಿಯಾಗಿಯೇ ಮಾತಾಡುತ್ತಿದ್ದೇನೆ ಅನ್ನಿಸುತ್ತಿರುತ್ತದೆ. "ಜೋರಾಗಿ ಹೇಳಿ" ಎಂದು ಪದೇಪದೇ ಹೇಳಿದರೆ ಬೇಸರ. ಈಗ ಅಪ್ಪಯ್ಯ ಜಗಲಿಯಲ್ಲಿ ಕೂತು ಪೇಪರ್ ಓದುತ್ತಾರೆ, ಅಡುಗೆಮನೆಯಲ್ಲಿರುವ ಅಮ್ಮನಿಗೆ ಕೇಳುವಂತೆ. ಅಡಿಕೆ ಧಾರಣೆಯ ಸುದ್ದಿ ಬಂದಾಗ ದನಿ ಪಕ್ಕದ ಮನೆಗೂ ಕೇಳುತ್ತದೆ.

ಮಾತ್ರೆಯ ಹೊತ್ತು ಬಹಳ ಮುಖ್ಯ. ಮಾತ್ರೆಯಲ್ಲಿರುವ ಲೆವೊಡೋಪಾ ಮತ್ತು ಊಟದ ಪ್ರೋಟೀನ್ ರಕ್ತಕ್ಕೆ ಸೇರಲು ಒಂದೇ ದಾರಿಯಲ್ಲಿ ಪೈಪೋಟಿ ಮಾಡುತ್ತವೆ, ಹಾಗಾಗಿ ಊಟಕ್ಕೆ ಅರ್ಧ ಗಂಟೆಯಾದರೂ ಮೊದಲು ನುಂಗಬೇಕು ಎಂದು ನಮ್ಮ ಡಾಕ್ಟರು ಹೇಳಿದ್ದಾರೆ. ಮೊಬೈಲ್ ಅಲಾರಂ ಅಮ್ಮನಿಗೆ ಒಗ್ಗಲಿಲ್ಲ. ರೇಡಿಯೋ ಒಗ್ಗಿದೆ: ಆಕಾಶವಾಣಿಯ ಸಂಸ್ಕೃತ ವಾರ್ತೆಗೆ ಮಾತ್ರೆ, ಬೆಳಗಿನ ಕನ್ನಡ ವಾರ್ತೆ ಮುಗಿದ ಮೇಲೆ ತಿಂಡಿ. ಊರಿನಲ್ಲಿ ಕೆಲವರು ನಸುಗುನ್ನಿ ಬೀಜ ಕೊಡಿ ಎನ್ನುತ್ತಾರೆ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಆದರೆ ಒಂದು ಬೀಜದಲ್ಲಿದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ, ಮಾತ್ರೆಯ ಜೊತೆ ಸೇರಿದರೆ ಪ್ರಮಾಣ ಹೆಚ್ಚಾಗಬಹುದು. ಮನೆಮದ್ದಿನ ವಿಷಯದಲ್ಲಿ ನಾನು ನಿಷ್ಠುರ. ಡಾಕ್ಟರನ್ನು ಕೇಳದೆ ಒಂದು ಚಿಟಿಕೆಯೂ ಇಲ್ಲ.

ರಾತ್ರಿ ಮಗ್ಗುಲು ಬದಲಿಸುವುದು ದೊಡ್ಡ ಕಷ್ಟವಾಗಿತ್ತು. ಹತ್ತಿ ಹಾಸು ಮೈಯನ್ನು ಹಿಡಿದುಕೊಳ್ಳುತ್ತದೆ. ಅಮ್ಮ ತನ್ನ ಹಳೆಯ ರೇಷ್ಮೆ ಸೀರೆಯೊಂದರ ಜರಿ ಬಿಚ್ಚಿ, ಹಾಸಿಗೆಯ ನಡುವೆ ಸೊಂಟದಿಂದ ಭುಜದವರೆಗೆ ಬರುವಷ್ಟು ಹೊಲಿದಳು. ಅಂಚಿನಲ್ಲಿ ಹತ್ತಿಯೇ ಇರಬೇಕು, ಇಲ್ಲದಿದ್ದರೆ ಏಳಲು ಕೂತಾಗ ಜಾರಿ ಬೀಳುತ್ತಾರೆ. ಅಂಗಿಗೆ ಒಳಗಡೆ ವೆಲ್ಕ್ರೋ ಹಾಕಿ, ಗುಂಡಿಗಳನ್ನು ಮೇಲೆ ಹಾಗೇ ಹೊಲಿದಿದ್ದೇವೆ. ನೋಡುವವರಿಗೆ ಎಂದಿನ ಅಂಗಿ. ಕಾಫಿಗೆ ಮುಚ್ಚಳದ ಲೋಟ ತಂದಿದ್ದೆ, ಮುಟ್ಟಲಿಲ್ಲ. ಎತ್ತರದ ಸ್ಟೀಲ್ ಲೋಟದಲ್ಲಿ ಅರ್ಧ ಕಾಫಿ, ಮುಗಿದ ಮೇಲೆ ಇನ್ನರ್ಧ: ಇದನ್ನು ಒಪ್ಪಿದರು. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಇದ್ದರೆ ಅದು ಸರಿಯುವುದಿಲ್ಲ, ಅಂಚು ನೆಟ್ಟಗಿದ್ದರೆ ಅನ್ನವನ್ನು ಅದಕ್ಕೆ ಒತ್ತಿ ತುತ್ತು ಮಾಡಬಹುದು.

ಇಷ್ಟೆಲ್ಲ ಮನೆಯ ಒಳಗೆ. ಮದುವೆ ಮನೆಗೆ ಹೋದರೆ ಗೆರೆಯೂ ಇಲ್ಲ, ತಾಳ ಹಾಕಿಕೊಂಡು ಪಂಕ್ತಿಯ ನಡುವೆ ನಡೆಯಲು ಅವರಿಗೆ ಸಂಕೋಚ. ಅಲ್ಲಿ ನಾನು ನನ್ನ ಪಾದವನ್ನೇ ಅವರ ಪಾದದ ಮುಂದೆ ಅಡ್ಡ ಇಡುತ್ತೇನೆ, ದಾಟಿ ಬರುತ್ತಾರೆ. ಕೆಂಪು ಲೇಸರ್ ಗೆರೆ ಬೀಳುವ ಊರುಗೋಲು ಸಿಗುತ್ತದೆ ಎಂದು ತಮ್ಮ ತರಿಸಿದ್ದಾನೆ. ಮಂದ ಬೆಳಕಿನ ಕಲ್ಯಾಣ ಮಂಟಪದಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು, ಅಂಗಳದ ಬಿಸಿಲಿನಲ್ಲಿ ಗೆರೆ ಕಾಣಲೇ ಇಲ್ಲ. ಅಂಗಳಕ್ಕೆ ಸದ್ಯ ಸುಣ್ಣದ ಗೆರೆ ಎಳೆದಿದ್ದೇವೆ. ಮಳೆಗಾಲ ಹಿಡಿದರೆ ಅದು ಉಳಿಯುವುದಿಲ್ಲ. ಕಲ್ಲು ಹಾಸಿಸಿ ಅದರಲ್ಲೇ ಬಿಳಿ ಪಟ್ಟಿ ಕೂರಿಸಬಹುದೇ ಎಂದು ಗಾರೆ ಕೆಲಸದವರನ್ನು ಕೇಳಿದ್ದೇವೆ. ಹೆಜ್ಜೆಯ ಅಳತೆ ತಾನೇ ಕೊಡುತ್ತೇನೆ ಎಂದು ಅಮ್ಮ ಹೇಳಿಯಾಗಿದೆ.